ಇಂಗು ತರಲು ಹೋದವನ ಬಿಸಿಲು

ನಮ್ಮತ್ತೆ ದೇವೀರಮ್ಮನವರು ಎಷ್ಟು ಬೆಳ್ಳಗಿದ್ದರೆಂದರೆ, ನಮ್ಮೂರಿನಲ್ಲಿ ಅಂಥ ಬಣ್ಣಕ್ಕೆ ನಾಚಿಕೆಪಡಬೇಕಿತ್ತು. ಅವರು ಪಡಲಿಲ್ಲ. ಸ್ನಾನವಾದ ಮೇಲೆ ಪಡಸಾಲೆಯ ಕನ್ನಡಿಯ ಮುಂದೆ ನಿಂತು, ತೋಳು ತಿರುಗಿಸಿ ತಿರುಗಿಸಿ ನೋಡಿಕೊಂಡು, "ಈ ವಯಸ್ಸಲ್ಲೂ ನೋಡು ಪುಟ್ಟತಾಯಿ, ಒಂದು ಚುಕ್ಕೆ ಇಲ್ಲ" ಅನ್ನುತ್ತಿದ್ದರು. ಮಾವ ತೀರಿಕೊಂಡ ಮೇಲೆ ಬಳೆ ಕಾಣದ ಕೈಗಳು ಅವು, ಸುಲಿದ ಬಾಳೆಹಣ್ಣಿನ ಹಾಗಿದ್ದವು. ನಾನು ಹಿಂದೆ ಹಿಟ್ಟು ಮೆತ್ತಿದ ಕೈಯಲ್ಲಿ ನಿಂತುಕೊಂಡು, "ಹೌದತ್ತೆ, ಒಂದು ಚುಕ್ಕೆ ಇಲ್ಲ" ಅನ್ನುತ್ತಿದ್ದೆ. ಹಿಟ್ಟು ತೊಳೆದರೆ ನನ್ನ ಕೈ ಕಾವಲಿಯ ಬಣ್ಣ.

ಬೇರೆ ಊರುಗಳಲ್ಲಿ ಬಿಸಿಲಿಗೆ ಹೋದವರೇ ಕಪ್ಪಾಗುತ್ತಾರಂತೆ. ಪಾಪ, ಅಲ್ಲಿನ ಗಂಡಸರ ಗತಿ! ನಮ್ಮೂರಿನಲ್ಲಿ ಹಾಗಿಲ್ಲ. ಇಲ್ಲಿ ಬಿಸಿಲಿಗೆ ಹೋದವರ ಬಿಸಿಲು, ಮನೆಯಲ್ಲಿ ಕೂತು ಅವರನ್ನು ನೆನೆಯುವವರ ಮೈಗೆ ಹತ್ತುತ್ತದೆ. ಗಂಡ ಗದ್ದೆಯಲ್ಲಿ ಬಗ್ಗಿದರೆ ಹೆಂಡತಿಯ ಬೆನ್ನು ಕಪ್ಪಾಗುತ್ತದೆ. ಮಗ ಬಸ್ಸಿನ ನೆತ್ತಿಗೆ ಮೂಟೆ ಏರಿಸಿದರೆ ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿರುವ ತಾಯಿಯ ಹಣೆ ಕಪ್ಪಾಗುತ್ತದೆ. ಗಂಡ ಗಡಿಯಾರ ಕಟ್ಟುವವನಾದರೆ ಅದರ ಬೆಳ್ಳನೆಯ ಪಟ್ಟಿ, ಹುಟ್ಟಿದಾಗಿನಿಂದ ಗಡಿಯಾರ ಮುಟ್ಟದ ಹೆಂಡತಿಯ ಮಣಿಕಟ್ಟಿನ ಮೇಲೆ ಮೂಡುತ್ತದೆ. ಅವನ ಚಪ್ಪಲಿಯ ವಾರಿನ ಗುರುತು ಅವಳ ಪಾದದ ಮೇಲೆ. ನಮ್ಮ ಗಂಡಸರು ದಿನವಿಡೀ ಹೊರಗೆ ದುಡಿದು ಸಂಜೆಗೆ ಮಲ್ಲಿಗೆಯಂತೆ ಮನೆಗೆ ಬಂದು, ಹೆಂಡತಿಯ ಮುಖ ನೋಡಿ, "ನೀನು ಸ್ವಲ್ಪ ಕಡಲೆಹಿಟ್ಟಾದ್ರೂ ಹಚ್ಕೊಳ್ಳಬಾರದೇನೇ?" ಎಂದು ಕೇಳುತ್ತಾರೆ.

ಒಮ್ಮೆ ಹೊರಗಿನಿಂದ ಒಬ್ಬ ಚರ್ಮದ ಡಾಕ್ಟರು ಬಂದಿದ್ದರು. ಬಣ್ಣದ ಚಿತ್ರಪಟ ತೂಗುಹಾಕಿ, ವಯಸ್ಸಾದಂತೆ ಚರ್ಮ ಯಾಕೆ ಕಪ್ಪಾಗುತ್ತದೆ, ಸೂರ್ಯನ ಕಿರಣ ಎಲ್ಲಿಯವರೆಗೆ ಇಳಿಯುತ್ತದೆ, ಯಾವ ಕ್ರೀಮು ಹಚ್ಚಬೇಕು ಎಂದೆಲ್ಲ ವಿವರಿಸಿದರು. ಕೊನೆಗೆ ಹೆಂಗಸರ ಕಡೆ ತಿರುಗಿ, "ಮಧ್ಯಾಹ್ನದ ಹೊತ್ತು ಹೊರಗೆ ಹೋಗಬೇಡಿ, ಅಷ್ಟೇ ಸಾಕು" ಅಂದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನಾವು ಹೋಗೋದೇ ಇಲ್ಲ ಸ್ವಾಮಿ" ಅಂದಳು ಒಬ್ಬಳು. ಡಾಕ್ಟರು ಚಿತ್ರಪಟ ಸುತ್ತಿಕೊಂಡು ಮುಂದಿನ ಬಸ್ಸಿಗೇ ಹೊರಟುಹೋದರು.

ಮದುವೆಗೆ ಹೆಣ್ಣು ನೋಡುವಾಗ ಮಾತ್ರ ಬೆಳ್ಳಗಿರುವ ಹುಡುಗಿಯೇ ಬೇಕು. ಹಾಗೆಂದರೆ ಆ ಹುಡುಗಿ ಈವರೆಗೆ ಅಪ್ಪನನ್ನಾಗಲಿ, ಅಣ್ಣತಮ್ಮಂದಿರನ್ನಾಗಲಿ ನೆನೆದವಳಲ್ಲ ಎಂದು ಅರ್ಥ. ಅಂಥವಳನ್ನೇ ಹುಡುಕಿ ತಂದು, ತಾಳಿ ಕಟ್ಟಿ, ವರ್ಷ ತುಂಬುವುದರೊಳಗೆ ಅವಳು ಕಪ್ಪಾಗಲಿಲ್ಲವೆಂದು ಬಾಯಿ ಬಡಿದುಕೊಳ್ಳುತ್ತಾರೆ. ಬುದ್ಧಿವಂತ ಸೊಸೆಯರು ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಮುಂಗೈಗೆ ಸವರಿಕೊಳ್ಳುವುದುಂಟು. ಮಳೆ ಬಂದ ದಿನ ಅವರು ಅಂಗಳಕ್ಕೆ ಇಳಿಯುವುದಿಲ್ಲ.

ಇನ್ನು ನೆನೆಯುವವರು ಯಾರೂ ಇಲ್ಲದಿದ್ದರೆ? ಆಗ ಬಿಸಿಲು ಹೋದವರ ಮೈಮೇಲೇ ಉಳಿಯುತ್ತದೆ. ಆದರೆ ಅಂಥವರು ನಮ್ಮೂರಿನಲ್ಲಿ ಇಲ್ಲವೇ ಇಲ್ಲ, ಸಂತೆಗೆ ಬರುವ ಪರದೇಶಿಗಳು ಮಾತ್ರ ಹಾಗೆ ಎನ್ನುವುದು ನಮ್ಮ ದೊಡ್ಡ ಹೆಮ್ಮೆ. ಊರಿನ ಯಾರಿಗಾದರೂ "ನಿನ್ನ ಬಿಸಿಲು ನಿನಗೇ ಹತ್ತಲಿ" ಎಂದರೆ ಹೊಡೆದಾಟವೇ ಆಗಿಬಿಡುತ್ತದೆ.

ನನ್ನ ಗಂಡ ಸಿದ್ದಲಿಂಗ ಒಂದು ದಿನ ಬೆಳಗ್ಗೆ ಇಂಗು ತರುತ್ತೇನೆಂದು ಹೋದ. ಹಪ್ಪಳದ ಹಿಟ್ಟು ಕಲಸಲು ಇಂಗು ಬೇಕಿತ್ತು. ಉದ್ದಿನಹಿಟ್ಟನ್ನು ಪಾತ್ರೆಗೆ ಸುರಿದುಕೊಂಡು ನಾನು ಕಾದೆ. ಮಧ್ಯಾಹ್ನವಾಯಿತು, ಸಂಜೆಯಾಯಿತು. ಹುಣಸೇಮರದ ಸ್ಟಾಪಿನಲ್ಲಿ ಅವನು ಬಸ್ಸು ಹತ್ತಿದ್ದನ್ನು ನೋಡಿದವರಿದ್ದರು. ಕೈಯಲ್ಲಿ ಚೀಲವಿತ್ತಂತೆ, ಒಳ್ಳೆಯ ಅಂಗಿ ಹಾಕಿದ್ದನಂತೆ, ಕಂಡಕ್ಟರನ ಜೊತೆ ನಗುನಗುತ್ತಾ ಮಾತಾಡುತ್ತಿದ್ದನಂತೆ. ಇಂಗಿಗೆ ಅಷ್ಟೆಲ್ಲ ಸಿದ್ಧತೆ ಬೇಕೆಂದು ನನಗೆ ಗೊತ್ತಿರಲಿಲ್ಲ. ಮೊದಮೊದಲು ಅವನ ಮಾತು ಬಂದಾಗಲೆಲ್ಲ 'ನಮ್ಮೆಜಮಾನ್ರು' ಅನ್ನುತ್ತಿದ್ದೆ. ಆಮೇಲೆ 'ಅವರು' ಅಂದೆ. ಎಷ್ಟೋ ಬೇಸಿಗೆ ಕಳೆದು 'ಅವನು' ಆದ, ಈಗಲೂ ಅಲ್ಲೇ ಇದ್ದಾನೆ.

ಆ ದಿನ ಇಂಗಿಲ್ಲದೆ ಹಪ್ಪಳ ಮಾಡಿದೆ. ಮರುದಿನದಿಂದ ಮಹಡಿಯ ಮೇಲೆ ನಾನೇ ಹಪ್ಪಳ ಒಣಹಾಕಿದೆ, ನಾನೇ ಸಂಡಿಗೆ ಇಟ್ಟೆ, ಕಾಗೆ ಓಡಿಸುತ್ತಾ ಬಿಸಿಲಲ್ಲೇ ಕೂತೆ. ಅತ್ತೆ ಕೆಳಗೆ ತಣ್ಣಗೆ ಕೂತು, ಹಾದಿಯಲ್ಲಿ ಹೋಗುವವರನ್ನೆಲ್ಲ ಕರೆದು, ಮಗನಿಗಾಗಿ ಅಳುತ್ತಿದ್ದರು. ಬಹಳ ಚೆನ್ನಾಗಿ ಅಳುತ್ತಿದ್ದರು. ಕೇಳಲೆಂದೇ ಎರಡು ಬೀದಿ ಆಚೆಯಿಂದ ಜನ ಬರುತ್ತಿದ್ದರು, ಬಂದವರಿಗೆ ನಾನು ಹಪ್ಪಳ ಕರಿದು ಕೊಡಬೇಕಿತ್ತು. ಇಷ್ಟು ಅತ್ತರೂ ಅತ್ತೆಯ ಮೈಬಣ್ಣ ಒಂದಿಷ್ಟೂ ಬದಲಾಗಲಿಲ್ಲ. ಯಾರೂ ಅದನ್ನು ಕೇಳಲಿಲ್ಲ, ಯಾಕೆಂದರೆ ಸೊಸೆ ಕಪ್ಪಾಗುತ್ತಿದ್ದಳಲ್ಲ. ಅವಳೇ ಎಲ್ಲ ಬಿಸಿಲನ್ನೂ ಹೊರುತ್ತಿದ್ದಾಳೆ, ಮುದುಕಿಯ ಪಾಲಿಗೆ ಏನುಳಿಯುತ್ತದೆ ಎಂದು ಜನ ಸಮಾಧಾನ ಮಾಡಿಕೊಂಡರು.

ನನಗೆ ಬೇಕಾಗಿದ್ದುದು ಒಂದೇ, ಅಂಗಡಿಯ ಬೀಗದಕೈ. ಪೇಟೆಯಲ್ಲಿದ್ದ ನಮ್ಮ ಹಪ್ಪಳದ ಅಂಗಡಿ ಅವನ ಹೆಸರಿನಲ್ಲಿತ್ತು. ಅವನಿಲ್ಲದಾಗ ಅದರ ಬೀಗದಕೈ ಅವನ ದೊಡ್ಡಪ್ಪನ ಮಗ ನಂಜಪ್ಪ ಭಾವನ ಸೊಂಟ ಸೇರಿತು. ಭಾವ ಊರಿನ ಹಿರಿಯರಲ್ಲೊಬ್ಬರು. ನಾನು ಲಟ್ಟಿಸಿ, ಒಣಗಿಸಿ, ಬುಟ್ಟಿ ತುಂಬಿ ಕಳಿಸಿದ್ದನ್ನು ಅವರು ಗಲ್ಲಾದ ಮುಂದೆ ಕೂತು ಮಾರುತ್ತಿದ್ದರು. ಮನೆಗೆ ಅವರು ಕೊಟ್ಟಿದ್ದೇ ಕೊಡುಗೆ. ನಾನು ಅಂಗಡಿಯ ಮೆಟ್ಟಿಲು ಹತ್ತಿದರೆ, "ಗಂಡ ಇಲ್ಲದ ಹೊತ್ತಲ್ಲಿ ಹೆಣ್ಣುಮಕ್ಕಳು ಪೇಟೇಲಿ ಕೂರಬಾರದು ಕಣಮ್ಮ" ಎಂದು ನನ್ನದೇ ಹಪ್ಪಳ ಕಡಿಯುತ್ತಾ ಬುದ್ಧಿ ಹೇಳುತ್ತಿದ್ದರು.

ಬೀಗದಕೈ ಸಿಗಲು ನಮ್ಮೂರಿನಲ್ಲಿ ಒಂದು ದಾರಿಯಿದೆ. ಊರು ಬಿಟ್ಟುಹೋದ ಗಂಡನ ಹೆಂಡತಿ ಬೇಸಿಗೆಯ ಕೊನೆಗೆ ಚಾವಡಿಗೆ ಬಂದು, ಹೊಸದಾಗಿ ಸುಣ್ಣ ಬಳಿದ ಗೋಡೆಗೆ ಮುಂಗೈ ಒತ್ತಿ ನಿಲ್ಲಬೇಕು. ಮೂರು ಬೇಸಿಗೆ ಅವಳ ಕೈಗೆ ಬಿಸಿಲು ಹತ್ತದಿದ್ದರೆ ಅವಳು ಗಂಡನನ್ನು ಮನಸ್ಸಿನಿಂದ ಬಿಟ್ಟಿದ್ದಾಳೆಂದು ಹಿರಿಯರು ಒಪ್ಪುತ್ತಾರೆ. ಅವಳಿಗೆ ಬಿಡುಗಡೆ, ಅವನ ಅಂಗಡಿಯೂ ಅವಳದೇ. ಕೈ ಕಪ್ಪಾಗಿದ್ದರೆ ಅವಳು ಪತಿವ್ರತೆ. ಪತಿವ್ರತೆಗೆ ಬೀಗದಕೈ ಯಾಕೆ ಬೇಕು?

ನಾನು ಪ್ರತಿ ಬೇಸಿಗೆಯೂ ಹೋಗಿ ಗೋಡೆಗೆ ಕೈಯೊತ್ತಿದೆ, ಪ್ರತಿ ಬೇಸಿಗೆಯೂ ಪತಿವ್ರತೆಯಾಗಿ ಮರಳಿದೆ. ಹಿರಿಯರು ಸುಮ್ಮನೆ ನೋಡಿ ಬಿಡುತ್ತಿರಲಿಲ್ಲ, ನನ್ನ ಮೈಯನ್ನು ಪತ್ರಿಕೆಯ ಹಾಗೆ ಓದುತ್ತಿದ್ದರು. "ಗಡಿಯಾರದ ಪಟ್ಟಿ ಇಲ್ಲ. ಪಾಪ, ಸಿದ್ದಲಿಂಗ ಗಡಿಯಾರ ಮಾರ್ಕೊಂಡಿರಬೇಕು" ಅನ್ನುತ್ತಿದ್ದರು ಒಬ್ಬರು. "ಕತ್ತಿನ ಹಿಂಭಾಗ ನೋಡಿ, ಎಷ್ಟು ಸುಟ್ಟಿದೆ. ತಲೆ ಬಗ್ಗಿಸಿ ಭಾರ ಹೊರ್ತಾ ಇದಾನೆ" ಅನ್ನುತ್ತಿದ್ದರು ಇನ್ನೊಬ್ಬರು. ಅದನ್ನು ಕೇಳಿ ಅತ್ತೆ ಮನೆಯಲ್ಲಿ ಹೊಸದಾಗಿ ಅಳುವರು, ನಾನು ಹೊಸದಾಗಿ ಹಪ್ಪಳ ಕರಿಯುವೆನು. ದಿನವಿಡೀ ತಲೆ ಬಗ್ಗಿಸಿ ಸಂಡಿಗೆ ಇಡುವವಳ ಕತ್ತು ಅದು ಎಂದು ಒಬ್ಬರಿಗೂ ಹೊಳೆಯಲಿಲ್ಲ. ಹೊಳೆದರೆ ಇವಳ ಬಿಸಿಲು ಇವಳಿಗೇ ಹತ್ತಿದೆ, ಇವಳನ್ನು ನೆನೆಯುವವರು ಊರಿನಲ್ಲೇ ಇಲ್ಲ ಎಂದು ಒಪ್ಪಿಕೊಂಡ ಹಾಗಾಗುತ್ತಿತ್ತು. ನಮ್ಮೂರು ಅಂಥ ಊರಲ್ಲವಲ್ಲ.

ನಿಜ ಹೇಳುತ್ತೇನೆ, ನನಗೂ ಹೊಳೆಯಲಿಲ್ಲ. ಹೊಳೆಯಲಿಲ್ಲವೋ, ಹೊಳೆದಾಗಲೆಲ್ಲ ಪಕ್ಕಕ್ಕೆ ತಳ್ಳಿದೆನೋ. ನನಗೆ ನನ್ನ ಮೇಲೇ ಸಿಟ್ಟು ಬರುತ್ತಿತ್ತು. ಬೆಳಗ್ಗೆ ಎದ್ದರೆ ಅವನಿಗೆ ಶಾಪ ಹಾಕುತ್ತೇನೆ, ಮಲಗುವಾಗ ಮತ್ತೊಮ್ಮೆ ಹಾಕುತ್ತೇನೆ, ನಡುವೆ ಅವನ ಮುಖ ಕೂಡ ಸರಿಯಾಗಿ ನೆನಪಾಗುವುದಿಲ್ಲ. ಆದರೂ ಮೈ ಕಪ್ಪಾಗುತ್ತಿದೆಯಲ್ಲ! ಹಾಗಾದರೆ ನನಗೆ ಗೊತ್ತಿಲ್ಲದೆ ನನ್ನೊಳಗೆ ಯಾವಳೋ ಒಬ್ಬಳು ಆ ಮನುಷ್ಯನ ದಾರಿ ಕಾಯುತ್ತಿದ್ದಾಳೆ. ಅವಳು ಕೈಗೆ ಸಿಕ್ಕಿದರೆ ಲಟ್ಟಣಿಗೆಯಲ್ಲಿ ಬಾರಿಸಬೇಕು ಅನ್ನಿಸುತ್ತಿತ್ತು.

ಕಳೆದ ಬೇಸಿಗೆಯ ನಡುಮಧ್ಯಾಹ್ನ ನಾನು ಮಹಡಿಯ ಮೇಲಿದ್ದೆ. ಕೆಳಗೆ ಬಾಗಿಲಲ್ಲಿ ಒಬ್ಬ ಗಂಡಸು ನಿಂತಿದ್ದ, ಮುಖವೆಲ್ಲ ಸುಟ್ಟ ಬದನೆಕಾಯಿ. ಸಂತೆಗೆ ಬಂದ ಪರದೇಶಿ ಇರಬೇಕೆಂದುಕೊಂಡು, "ಮುಂದೆ ಹೋಗಪ್ಪ" ಎಂದು ಮೇಲಿನಿಂದಲೇ ಕೂಗಿದೆ. ಒಳಗಿನಿಂದ ಅತ್ತೆಯೂ, "ಈಗ ಏನಿಲ್ಲ, ಮುಂದಿನ ಮನೆ ನೋಡ್ಕೋ" ಅಂದರು. ಅವನು ಇಂಗು ತಿಂದ ಮಂಗನ ಹಾಗೆ ನಿಂತೇ ಇದ್ದ. ಆಮೇಲೆ, "ಅಮ್ಮ, ನಾನು ಕಣಮ್ಮ" ಅಂದ.

ಇಷ್ಟು ವರ್ಷ ಅಳುತ್ತಿದ್ದ ಅತ್ತೆಗೆ ಆಗ ಅಳು ಬರಲಿಲ್ಲ. ಹೊರಗೆ ಬಂದು ಮಗನ ಮುಖವನ್ನೇ ನೋಡಿದರು, ಅದರ ಬಣ್ಣ ನೋಡಿದರು, ತಕ್ಷಣ ತಲೆಯೆತ್ತಿ ನನ್ನ ಕಡೆ ಬೆರಳು ತೋರಿಸಿದರು. "ಪುಟ್ಟತಾಯಿ! ನನ್ನ ಮಗನ್ನ ಬಿಸಿಲಿಗೆ ಬಿಟ್ಟಿದ್ಯೇನೇ?"

ಅವನು ಜಗಲಿಯ ಮೇಲೆ ಕೂತು, ನೀರು ಕುಡಿದು, ದೂರು ಹೇಳಲು ಶುರುಮಾಡಿದ. "ಮೊದಲ್ನೇ ಬೇಸಿಗೇಲಿ ಏನೂ ಆಗ್ಲಿಲ್ಲ. ಎರಡನೇ ಬೇಸಿಗೇಲಿ ಮೂಗು ಕಪ್ಪಾಯ್ತು. ಆಮೇಲೆ ಮುಖ, ಕೈ ಎಲ್ಲ. ಆವಾಗ್ಲೇ ಗೊತ್ತಾಯ್ತು ಬಿಡಿ, ಈ ಮನೇಲಿ ನನ್ನ ನೆನೆಯೋ ಜೀವ ಒಂದೂ ಇಲ್ಲ ಅಂತ. ಎಂಥಾ ಮನೆಗೆ ನಾನು ದುಡಿದು ಹಾಕಿದೆ!" ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಹೇಳದೆ ಕೇಳದೆ ಬಿಟ್ಟುಹೋದವನಿಗೆ, ತಾನು ಬಿಟ್ಟುಹೋದವರು ತನ್ನನ್ನು ಮರೆತರೆಂದು ದುಃಖವಾಗಿತ್ತು.

ನನಗೆ ನಗು ಬಂತು. ಎರಡನೇ ಬೇಸಿಗೆ! ಅಂದರೆ ನಾನು ಯಾವತ್ತೋ ಅವನನ್ನು ಬಿಟ್ಟಿದ್ದೆ. ನನ್ನೊಳಗೆ ಯಾವಳೂ ದಾರಿ ಕಾಯುತ್ತಿರಲಿಲ್ಲ. ಮಹಡಿಯ ಮೇಲೆ ಒಬ್ಬಳೇ ಕೂತು, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ. ನಗುತ್ತಾ ನಗುತ್ತಾ ಕಣ್ಣು ನನ್ನ ಕೈಯ ಮೇಲೆ ಬಿತ್ತು. ಹಾಗಾದರೆ ಇದು ಯಾರ ಬಿಸಿಲು? ಮದುವೆಯಾದಾಗಿನಿಂದ ನನ್ನ ಕೈಯಿಂದ ಬಳೆ ಇಳಿದಿರಲಿಲ್ಲ. ಒಂದು ಒಡೆದರೆ ಉಳಿದವು ಇರುವಾಗಲೇ ಇನ್ನೊಂದು ತೊಡುವುದು, ಮುತ್ತೈದೆಯ ಕೈ ಬರಿದಾಗಬಾರದಲ್ಲ. ಹಿತ್ತಲಿಗೆ ಇಳಿದು, ಪಾತ್ರೆ ತೊಳೆಯುವ ಸೋಪು ಸವರಿ ಒಂದೊಂದೇ ಬಳೆ ತೆಗೆದೆ. ಕಾವಲಿ ಬಣ್ಣದ ಕೈಯ ಮೇಲೆ, ಬಳೆಯಿದ್ದ ಕಡೆಯಲ್ಲೆಲ್ಲ ಬೆಳ್ಳನೆಯ ಉಂಗುರಗಳು. ಬಳೆ ತೊಟ್ಟವರ ಬಿಸಿಲು ಅದು, ಸಿದ್ದಲಿಂಗ ಬಳೆ ತೊಡುವವನಲ್ಲ. ಇಷ್ಟು ಬೇಸಿಗೆ ಈ ತಲೆಯ ಮೇಲೆ ಬೆಂಕಿ ಸುರಿಯುತ್ತಿದ್ದಾಗ, 'ಅವಳಿಗೆ ಸುಡುತ್ತಿರಬಹುದು' ಎಂದು ಒಂದು ಗಳಿಗೆ ಅಂದುಕೊಂಡವರು ಇಡೀ ಊರಿನಲ್ಲಿ ಒಬ್ಬರೂ ಇರಲಿಲ್ಲ. ಆಗ ಅಳು ಬಂತು. ಅತ್ತೆಯಷ್ಟು ಚೆನ್ನಾಗಿ ಅಳಲು ನನಗೆ ಬರುವುದಿಲ್ಲ, ಬಂದಷ್ಟು ಅತ್ತೆ.

ಸುದ್ದಿ ಊರೆಲ್ಲ ಹಬ್ಬಿತು. ನಿನ್ನೆಯವರೆಗೆ ನಾನು ಅವನನ್ನು ಬಿಡಲಾರದ ಪತಿವ್ರತೆ. ಈಗ ಗಂಡನ ಮುಖ ಸುಡಲು ಬಿಟ್ಟ ಪಾಪಿ. ಬಾವಿಕಟ್ಟೆಯಲ್ಲಿ ನನ್ನನ್ನು ಕಂಡವರು ಕೊಡ ಎತ್ತಿಕೊಂಡು ದೂರ ಸರಿದರು. ಅವರಲ್ಲಿ ಮಸಿ ಸವರಿಕೊಂಡವರೇ ಹೆಚ್ಚು ದೂರ ಸರಿದರು.

ಆ ಬೇಸಿಗೆಯ ಕೊನೆಗೆ ಚಾವಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಂಜಪ್ಪ ಭಾವ ನಡುವೆ ಕೂತಿದ್ದರು, ಪಕ್ಕದಲ್ಲಿ ಸಿದ್ದಲಿಂಗ. ಅತ್ತೆ ಕಂಬಕ್ಕೆ ಒರಗಿ ಕೂತಿದ್ದರು.

"ಗಂಡ ಬಂದಾಯ್ತಲ್ಲಮ್ಮ, ಇನ್ನೇನು ಬಿಡುಗಡೆ?" ಅಂದರು ಭಾವ. "ಮನೆಗೆ ಹೋಗು. ಹಪ್ಪಳ ಕಮ್ಮಿಯಾಗಿದೆ ಅಂಗಡೀಲಿ."

"ಅವನ ಮುಖ ನೋಡಿ ಭಾವ. ಅವನನ್ನ ನಾನು ಬಿಟ್ಟು ಮೂರು ಬೇಸಿಗೆ ಮೇಲಾಯ್ತೋ ಇಲ್ವೋ ಅಂತ ಅವನೇ ಹೇಳಲಿ."

ಭಾವ ಸಿದ್ದಲಿಂಗನ ಮುಖ ನೋಡಿದರು. ಅದನ್ನು ಅಲ್ಲಗಳೆಯಲು ಊರಿನ ಯಾರಿಂದಲೂ ಆಗುತ್ತಿರಲಿಲ್ಲ. "ಅದು ಸರಿ. ಆದ್ರೆ ನಿನ್ನ ಕೈನೂ ಕಪ್ಪಗಿದೆಯಲ್ಲ? ಇದು ಯಾರ ಬಿಸಿಲು ಹಾಗಾದ್ರೆ?" ಎಂದು ಕೇಳಿದರು. ಕೇಳುವಾಗ ಮೀಸೆಯಲ್ಲಿ ಸಣ್ಣ ನಗುವಿತ್ತು, ಇನ್ನು ಯಾವನ ಹೆಸರು ಬರುತ್ತದೋ ಎಂದು ಜನ ಕತ್ತು ಮುಂದೆ ಚಾಚಿದರು.

ನಾನು ಮನೆಯಲ್ಲೇ ಸೋಪು ಹಚ್ಚಿ ಬಂದಿದ್ದೆ. ಎಲ್ಲರೆದುರು ಬಳೆಗಳನ್ನು ಇಳಿಸಿ, ಎರಡೂ ಕೈಗಳನ್ನು ಗೋಡೆಗೆ ಒತ್ತಿದೆ. "ನಂದೇ ಬಿಸಿಲು ಭಾವ. ಮಹಡಿ ಮೇಲೆ ನಾನೇ ಕೂತಿದ್ದೆನಲ್ಲ. ನನ್ನನ್ನ ನೆನೆಯೋರು ಯಾರೂ ಇರ್ಲಿಲ್ಲ, ಅದಕ್ಕೆ ನನಗೇ ಹತ್ತಿತು."

ಆ ಮಾತನ್ನು ನಮ್ಮೂರಿನಲ್ಲಿ ಶತ್ರುವಿಗೂ ಅನ್ನುವುದಿಲ್ಲ, ನಾನು ನನಗೇ ಅಂದುಕೊಂಡಿದ್ದೆ. ಒಬ್ಬೊಬ್ಬರಾಗಿ ಎಲ್ಲರ ಕಣ್ಣು ಕಂಬದ ಕಡೆ ಹೊರಳಿತು. ಅಲ್ಲಿ ಅತ್ತೆ ಕೂತಿದ್ದರು, ಸುಣ್ಣದ ಗೋಡೆಗಿಂತ ಬೆಳ್ಳಗೆ, ಒಂದು ಚುಕ್ಕೆಯೂ ಇಲ್ಲದೆ. ಮಗನ ಬಿಸಿಲಿಲ್ಲ, ಸೊಸೆಯ ಬಿಸಿಲಿಲ್ಲ. ಅವರು ಮೆಲ್ಲನೆ ಸೆರಗು ಎಳೆದು ಕೈ ಮುಚ್ಚಿಕೊಂಡರು. ಅಷ್ಟು ವರ್ಷದಲ್ಲಿ ಅವರು ಕೈ ಮುಚ್ಚಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಂಜಪ್ಪ ಭಾವ ಸೊಂಟದಿಂದ ಬೀಗದಕೈ ಬಿಚ್ಚಿ ಕೊಟ್ಟರು. ಹಲ್ಲು ಕಿತ್ತುಕೊಟ್ಟಷ್ಟು ಸಂಕಟವಾಗಿತ್ತು ಅವರಿಗೆ.

"ಹಂಗಾದ್ರೆ ನಾನೆಲ್ಲಿಗೆ ಹೋಗ್ಲಿ?" ಅಂದ ಸಿದ್ದಲಿಂಗ.

"ಇಂಗು ಇನ್ನೂ ಬಂದಿಲ್ಲ" ಅಂದೆ.

ಅವನು ಸ್ವಲ್ಪ ದಿನ ಭಾವನ ಮನೆಯಲ್ಲಿದ್ದ. ಭಾವನ ಹೆಂಡತಿ ಅಡುಗೆಗೆ ಉಪ್ಪು ಹಾಕುವುದನ್ನು ಮರೆಯಲು ಶುರುಮಾಡಿದ ಮೇಲೆ ಹುಣಸೇಮರದ ಸ್ಟಾಪಿನಲ್ಲಿ ಮತ್ತೆ ಬಸ್ಸು ಹತ್ತಿದ. ನಾನಿದ್ದ ಮನೆ ಅತ್ತೆಯದು, ಅಲ್ಲಿ ನನಗೇನು ಹಕ್ಕು ಎಂದು ಚಾವಡಿಯಿಂದ ಬಂದ ಸಂಜೆಯೇ ನನ್ನ ಸೀರೆಗಳನ್ನು ಗಂಟು ಕಟ್ಟಿದೆ. ಅಂಗಡಿಯ ಹಿಂದೆ ಮಲಗಲು ಜಾಗವಿತ್ತು. ಅತ್ತೆ ಗಂಟನ್ನು ನೋಡಿದರು, ನನ್ನನ್ನು ನೋಡಲಿಲ್ಲ. "ಅಕ್ಕಿ ನೆನೆಹಾಕಿದೀನಿ. ನಾಳೆ ಸಂಡಿಗೆ ಯಾರು ಇಡ್ತಾರೆ?" ಅಂದರು. ಅವರು ಆ ಮನೆಯಲ್ಲಿ ಅಕ್ಕಿ ನೆನೆಹಾಕಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಹೋಗಿ ನೋಡಿದೆ, ನೀರು ಸಾಲದೆ ಮೇಲಿನ ಅಕ್ಕಿ ಒಣಗಿತ್ತು. ನೀರು ಹಾಕಿದೆ, ಗಂಟು ಬಿಚ್ಚಿದೆ.

ಈ ಬೇಸಿಗೆಯಲ್ಲಿ ಅಂಗಡಿಯ ಗಲ್ಲಾದ ಮುಂದೆ ನಾನೇ ಕೂರುತ್ತೇನೆ, ಮಧ್ಯಾಹ್ನ ಮಾತ್ರ ಮಹಡಿ. ಬಳೆಗಳನ್ನು ಮತ್ತೆ ತೊಟ್ಟೆ, ಹಸಿರು ಗಾಜಿನವು. ನನಗೆ ಬಳೆ ಇಷ್ಟ, ಅದಕ್ಕೂ ಸಿದ್ದಲಿಂಗನಿಗೂ ಏನು ಸಂಬಂಧ? ಅತ್ತೆಯ ಬಾಯಿ ಮಾತ್ರ ಮೊದಲಿಗಿಂತ ಜೋರಾಯಿತು. ನಾನು ಮೇಲೆ ಹೋದರೆ ಸಾಕು, ಕೆಳಗಿನಿಂದ ಕಿರುಚಾಟ. "ಏ ಪುಟ್ಟತಾಯಿ, ಇಳಿದು ಬಾರೇ!" "ತಲೆ ಮೇಲೆ ಬಟ್ಟೆ ಹಾಕ್ಕೊಂಡ್ಯಾ?" "ಮಜ್ಜಿಗೆ ಹಳಸ್ತದೆ, ಬಂದು ಕುಡಿದು ಸಾಯಿ!" ಇವರಿಗೆ ಸೊಸೆಯ ಬಿಡುಗಡೆ ಸಹಿಸಲಾಗುತ್ತಿಲ್ಲ ಎಂದುಕೊಂಡು ಬೇಕೆಂದೇ ತಡವಾಗಿ ಇಳಿಯುತ್ತಿದ್ದೆ. ಅವರು ಕನ್ನಡಿಯ ಮುಂದೆ ನಿಲ್ಲುವುದನ್ನೂ ಬಿಟ್ಟಿದ್ದರು, ಆ ಸೆಖೆಯಲ್ಲೂ ಸೆರಗು ಹೊದ್ದು ಕೂರುತ್ತಿದ್ದರು. ಕದ್ದು ಚಕ್ಕುಲಿ ತಿನ್ನುತ್ತಿರಬೇಕೆಂದು ನಾನು ಡಬ್ಬಿಯ ಮೇಲೆ ಕಣ್ಣಿಟ್ಟೆ.

ಮೊನ್ನೆ ಅಂಗಡಿಗೆ ಹೊರಡುವ ಮುಂಚೆ ತಲೆ ಬಾಚಿಕೊಳ್ಳಲು ಕನ್ನಡಿಯ ಮುಂದೆ ನಿಂತವಳು, ನನ್ನ ಕೈ ನೋಡಿ ಬಾಚಣಿಗೆ ಕೆಳಗಿಟ್ಟೆ. ಬಣ್ಣ ತಿಳಿಯಾಗಿತ್ತು. ಬಳೆ ಸರಿಸಿ ನೋಡಿದೆ, ಉಂಗುರಗಳು ಮಾಸಿದ್ದವು. ಬೇಸಿಗೆಯೆಲ್ಲ ಮಹಡಿಯ ಮೇಲೆ ಕೂತ ಕೈ ಅದು. ನೇರವಾಗಿ ಪಡಸಾಲೆಯ ಮೂಲೆಗೆ ಹೋಗಿ, ಅತ್ತೆಯ ಸೆರಗು ಎಳೆದೆ. ಮಾವ ಹೋದಾಗಿನಿಂದ ಬಳೆ ಕಾಣದ ಆ ಬರಿಗೈಗಳು ಮೊಣಕೈವರೆಗೆ ಕಂದಿಹೋಗಿದ್ದವು. ಮಣಿಕಟ್ಟಿನ ಸುತ್ತ ಬೆಳ್ಳನೆಯ ಉಂಗುರಗಳಿದ್ದವು, ನನ್ನ ಕೈಯಲ್ಲಿ ಎಷ್ಟು ಬಳೆಯೋ ಅಷ್ಟು.

ನಾನು ಆ ಕೈ ಹಿಡಿದುಕೊಂಡು ನಿಂತೆ. ಅತ್ತೆ ಕೈ ಕಿತ್ತುಕೊಂಡು ಸೆರಗು ಹೊದ್ದರು.

"ಏನು ನೋಡ್ತಾ ನಿಂತಿದೀಯ? ನಾಳೆಯಿಂದ ಛತ್ರಿ ಹಿಡ್ಕೊಂಡು ಹೋಗು ಮೇಲಕ್ಕೆ. ಚಿನ್ನದಂಥ ನನ್ನ ಮೈಬಣ್ಣ ಹಾಳು ಮಾಡಿಬಿಟ್ಟೆಯಲ್ಲೇ!"